ನಾಟಕ ಸ್ಪರ್ಧೆಯಲ್ಲಿ ಅತ್ಯುತ್ತಮ ನಟ, ಅತ್ಯುತ್ತಮ ನಟಿ ಅಂತ ಎರಡು ಬಹುಮಾನ ಬೇಕಾ?

ಸೈಡ್‌ವಿಂಗ್
ಎಲ್ಲರಿಗೂ ನಮಸ್ಕಾರ. ಒಂದು ತಲೆನೋವು ತಂದಿದ್ದೇನೆ.

ನಮ್ಮದು ಮೈಸೂರಿನ ಒಂದು ಚಿಕ್ಕ ಹವ್ಯಾಸಿ ತಂಡ. ವರ್ಷಕ್ಕೊಮ್ಮೆ ಕಾಲೇಜು ಮಕ್ಕಳಿಗೆ ಏಕಾಂಕ ನಾಟಕ ಸ್ಪರ್ಧೆ ನಡೆಸುತ್ತೇವೆ. ಕಿರುರಂಗಮಂದಿರ ಸಿಕ್ಕರೆ ಅಲ್ಲಿ, ಇಲ್ಲದಿದ್ದರೆ ಯಾವುದಾದರೂ ಕಾಲೇಜಿನ ಹಾಲ್‌ನಲ್ಲಿ. ಬಹುಮಾನದ ಪಟ್ಟಿ ನಮಗಿಂತ ಹಿಂದಿನವರು ಮಾಡಿಟ್ಟಿದ್ದು. ನಾಟಕ, ನಿರ್ದೇಶನ, ರಂಗಸಜ್ಜಿಕೆ, ಬೆಳಕು, ಆಮೇಲೆ ಅತ್ಯುತ್ತಮ ನಟ, ಅತ್ಯುತ್ತಮ ನಟಿ. ಇಷ್ಟು ವರ್ಷ ಯಾರೂ ಪ್ರಶ್ನೆ ಕೇಳಿರಲಿಲ್ಲ.

ಕಳೆದ ಸಲ ಒಬ್ಬ ಹುಡುಗಿ ಊರ ಗೌಡನ ಪಾತ್ರ ಮಾಡಿದಳು. ಅರ್ಧ ನಾಟಕ ಆಗುವಾಗ ಅಂಟಿಸಿದ ಮೀಸೆಯ ಒಂದು ತುದಿ ಎದ್ದು ಬಂತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಮಾತು ನಿಲ್ಲಿಸಲಿಲ್ಲ. ಎದುರಿಗೆ ನಿಂತ ಆಳಿನ ಮೇಲಿಂದ ಕಣ್ಣು ತೆಗೆಯದೆ, ಎರಡು ಬೆರಳಲ್ಲಿ ಮೀಸೆ ತಿರುವುವ ಹಾಗೆ ಮಾಡಿ, ಒತ್ತಿ ಕೂರಿಸಿದಳು. ಗೌಡನ ಗತ್ತು ಇನ್ನೂ ಜಾಸ್ತಿಯಾಯಿತು! ಎಲ್ಲ ತೀರ್ಪುಗಾರರ ಶೀಟಿನಲ್ಲೂ ಅವಳೇ ಮೊದಲು.

ಆಮೇಲೆ ಶುರುವಾಯಿತು. ‘ಪಾತ್ರ ಗಂಡು, ನಟ ಪ್ರಶಸ್ತಿ ಕೊಡಿ’ ಅಂತ ಒಬ್ಬರು. ‘ಮಾಡಿದ್ದು ಹುಡುಗಿ, ನಟಿ ಪ್ರಶಸ್ತಿ ಕೊಡಿ’ ಅಂತ ಇನ್ನೊಬ್ಬರು. ‘ಹಾಗೆ ಮಾಡಿದರೆ ತಾಯಿ ಪಾತ್ರ ಮಾಡಿದ ಹುಡುಗಿಗೆ ಅನ್ಯಾಯ’ ಅಂತ ಮತ್ತೊಬ್ಬರು. ಹೊರಗೆ ಮಕ್ಕಳು ಕಾಯುತ್ತಿದ್ದರು, ಹಾಲ್ ಖಾಲಿ ಮಾಡುವ ಹೊತ್ತಾಗಿತ್ತು. ಕೊನೆಗೆ ‘ವಿಶೇಷ ಬಹುಮಾನ’ ಅಂತ ಹೆಸರಿಟ್ಟು ಒಂದು ಸ್ಮರಣಿಕೆ ಕೊಟ್ಟು ಕಳಿಸಿದರು. ನಗದು ಇಲ್ಲ. ಅವಳು ಆಮೇಲೆ ಬಂದು, ‘ಸರ್, ವಿಶೇಷ ಅಂದ್ರೆ ಫಸ್ಟಾ, ಸಮಾಧಾನಕರಾನಾ?’ ಅಂತ ಕೇಳಿದಳು.

ಈ ಸಲ ಇನ್ನೊಂದು ಸೇರಿಕೊಂಡಿದೆ. ಒಂದು ತಂಡದಲ್ಲಿ ಟ್ರಾನ್ಸ್ ವಿದ್ಯಾರ್ಥಿನಿ ಇದ್ದಾರೆ. ಅರ್ಜಿಯಲ್ಲಿ ಯಾವ ಕಾಲಂನಲ್ಲಿ ಹೆಸರು ಬರೆಯಬೇಕು ಅಂತ ಅವರ ಮೇಷ್ಟ್ರು ಫೋನ್ ಮಾಡಿದ್ದರು. ಅರ್ಜಿ ಪ್ರಿಂಟಿಗೆ ಕೊಡಬೇಕು. ನಟ–ನಟಿ ವಿಭಾಗ ಇಡೋದಾ, ತೆಗೆಯೋದಾ? ಸುಮ್ನೆ ಬೈಬೇಡಿ, ಕಾರಣ ಹೇಳಿ.

ಎರಡನೇ_ಬೆಲ್
ಯೋಚನೆ ಮಾಡೋದೇನಿದೆ? ಒಂದೇ ಬಹುಮಾನ ಇಡಿ. ನಿರ್ದೇಶನಕ್ಕೆ ಗಂಡು ಹೆಣ್ಣು ಅಂತ ಎರಡು ಇಟ್ಟಿದ್ದೀರಾ? ಬೆಳಕಿಗೆ ಇಟ್ಟಿದ್ದೀರಾ? ನಟನೆಗೆ ಮಾತ್ರ ಯಾಕೆ?

ಮದ್ದೂರ್_ವಡೆ
ಗೌಡನ ಮೀಸೆಗೇ ಒಂದು ಬಹುಮಾನ ಇಡಬೇಕಿತ್ತು 😄

ಕೋರಸ್_ಹುಡುಗಿ
ಎರಡನೇ ಬೆಲ್ ಅವರೇ, ಹೇಳೋದು ಸುಲಭ. ನಾನು ಡಿಗ್ರಿ ಮುಗಿಯೋವರೆಗೂ ಕಾಲೇಜು ತಂಡದಲ್ಲಿದ್ದವಳು. ನನಗೆ ಸಿಕ್ಕ ಪಾತ್ರ ಕೇಳಿ. ಹೆಂಡತಿ. ವಿಧವೆ ತಾಯಿ. ಇನ್ನೊಬ್ಬ ವಿಧವೆ ತಾಯಿ. ಹಾಡುವ ಗುಂಪಿನಲ್ಲಿ ಬಲಗಡೆ ಕೊನೆಯವಳು. ಒಂದು ನಾಟಕದಲ್ಲಂತೂ ಪರದೆ ಏಳುವಾಗಲೇ ಸತ್ತು ಬಿದ್ದಿದ್ದೆ, ಸೊಳ್ಳೆ ಕಚ್ಚಿದರೂ ಅಲುಗಾಡೋ ಹಾಗಿಲ್ಲ. ಹುಡುಗರಿಗೆ? ರಾಜ, ಕಳ್ಳ, ಕುಡುಕ, ಹುಚ್ಚ. ಹುಚ್ಚನ ಪಾತ್ರ ಸಿಕ್ಕವನಿಗೆ ಬಹುಮಾನ ಅಂತ ತಾಲೀಮಿನ ಮೊದಲ ದಿನವೇ ಗೊತ್ತಿರುತ್ತಿತ್ತು.

ಈಗ ನಟಿ ವಿಭಾಗ ಇರೋದರಿಂದ ನಿರ್ದೇಶಕರು ‘ಒಂದು ಬಹುಮಾನ ಅಲ್ಲಿಂದಲೂ ಬರಲಿ’ ಅಂತ ಒಂದು ಹೆಣ್ಣು ಪಾತ್ರಕ್ಕಾದರೂ ಸ್ವಲ್ಪ ಕೆಲಸ ಕೊಡುತ್ತಾರೆ. ಅದನ್ನೂ ತೆಗೆದರೆ ನಾವು ಮತ್ತೆ ಕಾಫಿ ತಟ್ಟೆ ಹಿಡಿದುಕೊಂಡು ಎಡಗಡೆಯಿಂದ ಬಂದು ಬಲಗಡೆಯಿಂದ ಹೋಗೋದೇ.

ಬ್ರಿಟನ್ನಿನ ಸಂಗೀತ ಪ್ರಶಸ್ತಿ ಬ್ರಿಟ್ ಅವಾರ್ಡ್ಸ್‌ನವರು 2022ರಲ್ಲಿ ಗಂಡು–ಹೆಣ್ಣು ವಿಭಾಗ ತೆಗೆದರು. 2023ರಲ್ಲಿ ‘ವರ್ಷದ ಕಲಾವಿದ’ ಪ್ರಶಸ್ತಿಯ ಪಟ್ಟಿಯಲ್ಲಿದ್ದ ಐದೂ ಜನ ಗಂಡಸರು. ಸಮಾನತೆ ಅಂತ ಬಾಗಿಲು ತೆಗೆದರೆ ಒಳಗೆ ಬಂದವರು ಯಾರು ನೋಡಿ.

ಗಂಗೋತ್ರಿ_ಕ್ಯಾಂಟೀನ್
ಅರ್ಧ ಮಾತ್ರ ಹೇಳಿದಿರಿ. ವಿಭಾಗ ತೆಗೆದ ಮೊದಲ ವರ್ಷ, 2022ರಲ್ಲಿ, ಅದೇ ಪ್ರಶಸ್ತಿ ಗೆದ್ದದ್ದು ಗಾಯಕಿ ಅಡೆಲ್. 2024ರಲ್ಲಿ ಪಟ್ಟಿಯನ್ನು ಐದರಿಂದ ಹತ್ತಕ್ಕೆ ಏರಿಸಿದರು, ಆಗ ರೇ ಗೆದ್ದರು. ಅವರೂ ಹೆಣ್ಣೇ. ಇಷ್ಟಕ್ಕೂ ಅದು ಹಾಡುಗಾರರ ಪ್ರಶಸ್ತಿ.

ನಟನೆಯದೇ ಬೇಕಾದರೆ ಬರ್ಲಿನ್ ಚಿತ್ರೋತ್ಸವ ತಗೊಳ್ಳಿ. 2021ರಿಂದ ಅಲ್ಲಿ ನಟ, ನಟಿ ಅಂತ ಇಲ್ಲ. ಮುಖ್ಯ ಪಾತ್ರಕ್ಕೆ ಒಂದು ‘ಬೆಳ್ಳಿ ಕರಡಿ’ ಪ್ರಶಸ್ತಿ, ಪೋಷಕ ಪಾತ್ರಕ್ಕೆ ಒಂದು. ಮುಖ್ಯ ಪಾತ್ರದ್ದು 2021ರಲ್ಲಿ ಮಾರೆನ್ ಎಗ್ಗರ್ಟ್, 2022ರಲ್ಲಿ ಮೆಲ್ಟೆಮ್ ಕಪ್ತಾನ್, 2023ರಲ್ಲಿ ಸೋಫಿಯಾ ಒಟೆರೊ ಎಂಬ ಪುಟ್ಟ ಹುಡುಗಿ, 2024ರಲ್ಲಿ ಸೆಬಾಸ್ಟಿಯನ್ ಸ್ಟಾನ್, 2025ರಲ್ಲಿ ರೋಸ್ ಬರ್ನ್. ಐದರಲ್ಲಿ ನಾಲ್ಕು ಹೆಣ್ಣುಮಕ್ಕಳದ್ದು. ಗಂಡಸರೇ ಬಾಚಿಕೊಳ್ಳುತ್ತಾರೆ ಅನ್ನೋದು ಎಲ್ಲ ಕಡೆ ನಿಜ ಅಲ್ಲ.

ಕೋರಸ್_ಹುಡುಗಿ
ಬರ್ಲಿನ್‌ಗೆ ಬರುವ ಸಿನಿಮಾಗಳಲ್ಲಿ ಹೆಣ್ಣನ್ನೇ ನಡುವೆ ಇಟ್ಟು ಕಥೆ ಬರೆದಿರುತ್ತಾರೆ ಸ್ವಾಮಿ. ನಮ್ಮ ಕಾಲೇಜು ನಾಟಕಕ್ಕೂ ಅದಕ್ಕೂ ಎಲ್ಲಿಯ ಹೋಲಿಕೆ? ಪಾತ್ರ ಇದ್ದರೆ ತಾನೇ ನಟನೆ?

ಎರಡನೇ_ಬೆಲ್
ಹಾಗಾದರೆ ಸಮಸ್ಯೆ ಸ್ಕ್ರಿಪ್ಟಿನದು. ಬಹುಮಾನದ್ದಲ್ಲ.

ಕೋರಸ್_ಹುಡುಗಿ
ಸ್ಕ್ರಿಪ್ಟ್ ಸರಿಯಾಗೋವರೆಗೆ ಬಹುಮಾನ ಇರಲಿ. ಅಷ್ಟೇ ನನ್ನ ವಾದ.

ನೇಪಥ್ಯ
ಸಿನಿಮಾ, ಹಾಡು ಎಲ್ಲ ಆಯಿತು. ನಾಟಕದ ಮಾತಿಗೆ ಬರೋಣವೇ? ನ್ಯೂಯಾರ್ಕಿನಲ್ಲಿ ಇದರ ಮೇಲೆ ದೊಡ್ಡ ಜಗಳವೇ ನಡೆದಿದೆ.

ಅಲ್ಲಿನ ದೊಡ್ಡ ರಂಗಮಂದಿರಗಳ, ಅಂದರೆ ಬ್ರಾಡ್‌ವೇ ನಾಟಕಗಳಿಗೆ ಟೋನಿ ಪ್ರಶಸ್ತಿ. ನಟ, ನಟಿ ಬೇರೆ ಬೇರೆ. 2023ರಲ್ಲಿ ತಮ್ಮನ್ನು ಗಂಡು ಅಂತಲೂ ಹೆಣ್ಣು ಅಂತಲೂ ಗುರುತಿಸಿಕೊಳ್ಳದ ಇಬ್ಬರು, ಜೆ. ಹ್ಯಾರಿಸನ್ ಘೀ ಮತ್ತು ಅಲೆಕ್ಸ್ ನ್ಯೂವೆಲ್, ಸಂಗೀತ ನಾಟಕಗಳ ವಿಭಾಗದಲ್ಲಿ ಗೆದ್ದರು. ಒಬ್ಬರಿಗೆ ಮುಖ್ಯ ನಟ, ಇನ್ನೊಬ್ಬರಿಗೆ ಪೋಷಕ ನಟ. ಅದೇ ವರ್ಷ ಜಸ್ಟಿನ್ ಡೇವಿಡ್ ಸಲಿವನ್ ಎಂಬ ಇನ್ನೊಬ್ಬ ಕಲಾವಿದರು ಎರಡೂ ಕಾಲಂ ನನ್ನದಲ್ಲ ಅಂತ ಸ್ಪರ್ಧೆಯಿಂದಲೇ ಹಿಂದೆ ಸರಿದರು. ಅಂದರೆ ಸೈಡ್‌ವಿಂಗ್ ಅವರೇ, ನಿಮ್ಮ ಅರ್ಜಿಯ ತಲೆನೋವು ಬ್ರಾಡ್‌ವೇಗೂ ಇದೆ. ಸಮಾಧಾನ ಮಾಡಿಕೊಳ್ಳಿ.

ಅದೇ ಊರಿನ ಇನ್ನೊಂದು ನಾಟಕ ಪ್ರಶಸ್ತಿ ಡ್ರಾಮಾ ಡೆಸ್ಕ್‌ನವರು 2023ರಲ್ಲಿ ಬೇರೆ ದಾರಿ ಹಿಡಿದರು. ನಟ, ನಟಿ ಎರಡನ್ನೂ ಸೇರಿಸಿದರು, ಆದರೆ ಒಂದೊಂದು ವಿಭಾಗದಲ್ಲಿ ಇಬ್ಬರನ್ನು ಗೆಲ್ಲಿಸುವುದು ಅಂತ ಮಾಡಿದರು. ಬಹುಮಾನದ ಸಂಖ್ಯೆ ಕಮ್ಮಿಯಾಗಲಿಲ್ಲ, ಕಾಲಂ ಮಾತ್ರ ಹೋಯಿತು. ನಿಮಗೆ ಇದು ಹೊಂದುತ್ತೆ ಅನ್ನಿಸುತ್ತೆ.

ಪಾಂಡವಪುರದವ
ನೀವೆಲ್ಲ ನ್ಯೂಯಾರ್ಕ್, ಬರ್ಲಿನ್ ಅಂತಿದ್ದೀರಿ. ನಮ್ಮ ಮಂಡ್ಯ ಕಡೆ ಬನ್ನಿ ಒಂದ್ಸಲ.

ನಮ್ಮೂರಲ್ಲಿ ಕುರುಕ್ಷೇತ್ರ ನಾಟಕ ಆಡಿದರೆ ಪಾತ್ರಕ್ಕೆ ದುಡ್ಡು ಕೊಡಬೇಕು. ಕೊಡೋದು ನಟನೇ, ನಟನಿಗಲ್ಲ! ದುರ್ಯೋಧನ, ಕೃಷ್ಣ, ಭೀಮ ಅಂದರೆ ಹೆಚ್ಚು ರೇಟು. ವಿದುರ, ಸಂಜಯ ಅಂದರೆ ಕಮ್ಮಿ. ಆ ದುಡ್ಡಲ್ಲೇ ಡ್ರಾಮಾ ಮೇಷ್ಟ್ರಿಗೆ, ಸೀನರಿಗೆ, ಮೈಕಿಗೆ, ಮೇಕಪ್‌ಗೆ ಎಲ್ಲ ಆಗಬೇಕು. ಹಗಲೆಲ್ಲ ಗದ್ದೆಯಲ್ಲಿ ಕೆಲಸ, ರಾತ್ರಿ ಹಾರ್ಮೋನಿಯಂ ಮುಂದೆ ಕೂತು ಕಂದ ಪದ್ಯ ಕಲಿಯೋದು.

ಇದರಲ್ಲಿ ದುಡ್ಡು ತಗೊಂಡು ಆಡೋರು ಹೆಣ್ಣುಮಕ್ಕಳು ಮಾತ್ರ. ದ್ರೌಪದಿ, ಕುಂತಿ, ಉತ್ತರೆಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಒಂದೇ ರಾತ್ರಿಯಲ್ಲಿ ಒಬ್ಬರೇ ಎರಡು ಮೂರು ಪಾತ್ರ ಮಾಡಿ, ಬೆಳಗಿನ ಬಸ್ಸಿಗೆ ಮುಂದಿನ ಊರಿಗೆ ಹೋಗುತ್ತಾರೆ. ನಮ್ಮವನು ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿ ಆ ರಾತ್ರಿ ಮಾತು ಮರೆತು ನಿಂತರೆ, ದ್ರೌಪದಿಯೇ ಮೆಲ್ಲಗೆ ಅವನ ಮಾತಿನ ಮೊದಲ ಪದ ಹೇಳಿಕೊಟ್ಟು ಎಬ್ಬಿಸುತ್ತಾಳೆ. ಇಡೀ ನಾಟಕ ಅವರ ಬಾಯಲ್ಲಿರುತ್ತೆ.

ಆದರೆ ಹಾರ ಯಾರಿಗೆ? ಭೀಮ ಗದೆ ಎತ್ತಿ ಅಬ್ಬರಿಸುತ್ತಿರುವಾಗಲೇ ಅವನ ಭಾವಮೈದ ಸ್ಟೇಜ್ ಹತ್ತಿ ಹಾರ ಹಾಕಿ, ಮೈಕಿನಲ್ಲಿ ಹೆಸರು ಹೇಳಿಸಿ, ಫೋಟೋ ಹೊಡೆಸಿಕೊಂಡು ಇಳೀತಾನೆ. ಅಷ್ಟು ಹೊತ್ತು ದುರ್ಯೋಧನ ತೊಡೆ ತಟ್ಟೋದು ನಿಲ್ಲಿಸಿ ಸುಮ್ನೆ ನಿಂತಿರುತ್ತಾನೆ. ದ್ರೌಪದಿಗೆ ಹಾರ ಹಾಕೋ ಭಾವಮೈದ ಎಲ್ಲಿದ್ದಾನೆ? ನಿಮ್ಮ ಥರ ನಟಿಗೆ ಬೇರೆ ಬಹುಮಾನ ಅಂತ ಇದ್ದಿದ್ದರೆ ಅವರಿಗೂ ಏನೋ ಒಂದು ಸಿಗುತ್ತಿತ್ತು. ತೆಗೀಬೇಡಿ ಅಂತೀನಿ ನಾನು.

ಮದ್ದೂರ್_ವಡೆ
ಪಾಂಡವಪುರದಣ್ಣ, ಹಾರದ ಕಥೆ ನೂರಕ್ಕೆ ನೂರು ನಿಜ. ನಮ್ಮೂರಲ್ಲಿ ಕರ್ಣ ಸತ್ತು ಬಿದ್ದ ಮೇಲೂ ಹಾರ ಹಾಕಿದ್ದಾರೆ. ಕರ್ಣ ಮಲಗಿದ್ದಲ್ಲಿಂದಲೇ ಕೈ ಮುಗಿದ.

ಗಂಗೋತ್ರಿ_ಕ್ಯಾಂಟೀನ್
😂😂 ಇದಕ್ಕೆ ಬಹುಮಾನ ಕೊಡಿ ಮೊದಲು.

ಖೋಖೋ_ಕ್ಯಾಪ್ಟನ್
ಕ್ರೀಡೆಯಲ್ಲಿ ಗಂಡು ಹೆಣ್ಣು ಬೇರೆ ಇಲ್ವಾ? ಅಲ್ಲಿ ಯಾರೂ ತಕರಾರು ಮಾಡಲ್ಲ. ಇಲ್ಲೇಕೆ?

ನೇಪಥ್ಯ
ಓಟದಲ್ಲಿ ಮೈಬಲದ ಲೆಕ್ಕ ಇದೆ. ನಟನೆಯಲ್ಲಿ ಎಂಥದ್ದು? ಗಂಡಸಿಗೆ ಅಳೋಕೆ ಜಾಸ್ತಿ ಬಲ ಇದೆಯಾ?

ಹಳೇ_ಕಂಪನಿ
ನಾನು ವಯಸ್ಸಾದವನು. ನಿಧಾನವಾಗಿ ಟೈಪ್ ಮಾಡುತ್ತೇನೆ, ಅಷ್ಟರಲ್ಲಿ ನೀವು ನಾಲ್ಕು ಜಗಳ ಮುಗಿಸಿರುತ್ತೀರಿ.

ನಮ್ಮ ಮೈಸೂರಿನಲ್ಲಿ ಈ ಗಂಡು–ಹೆಣ್ಣು ಗೆರೆ ರಂಗದ ಮೇಲೆ ಯಾವಾಗ ಗಟ್ಟಿಯಾಗಿತ್ತು ಹೇಳಿ? ಅರಮನೆಯ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭೆಯ ಕಾಲದಲ್ಲಿ, 1880ರ ದಶಕದಲ್ಲಿ, ಶಕುಂತಲೆಯೂ ಗಂಡಸೇ. ಕಂಪನಿ ನಾಟಕಗಳಲ್ಲೂ ಬಹಳ ಕಾಲ ಹಾಗೇ ನಡೆಯಿತು. ಏಣಗಿ ಬಾಳಪ್ಪನವರಂಥ ದೊಡ್ಡ ನಟರೂ ಎಳೆಯ ವಯಸ್ಸಿನಲ್ಲಿ ಸ್ತ್ರೀ ಪಾತ್ರ ಮಾಡಿದವರು. ಯಕ್ಷಗಾನದಲ್ಲಿ ಸ್ತ್ರೀವೇಷ ಅನ್ನೋದೇ ಒಂದು ದೊಡ್ಡ ವಿದ್ಯೆ. ಹೆಣ್ಣು ಪಾತ್ರವನ್ನು ಹೆಣ್ಣೇ ಮಾಡಲಿ ಅಂತ ನಟ ಬಳ್ಳಾರಿ ರಾಘವರು ಪಟ್ಟು ಹಿಡಿದಾಗ ಅದೇ ದೊಡ್ಡ ಸುದ್ದಿ.

ಇನ್ನು ಉಲ್ಟಾ ಕಡೆ ನೋಡಿ. ಆರ್. ನಾಗರತ್ನಮ್ಮ. ಇದೇ ಮೈಸೂರಿನಲ್ಲಿ 1926ರಲ್ಲಿ ಹುಟ್ಟಿದವರು. 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಪಾತ್ರಧಾರಿಗಳೆಲ್ಲ ಹೆಂಗಸರೇ. ಕಂಸ, ಭೀಮ, ದುರ್ಯೋಧನ ಎಲ್ಲ ಅವರೇ. ಭೀಮನ ಪಾತ್ರಕ್ಕೆ ಯಾರೋ ಗಂಡಸನ್ನು ಕರೆಸಲಿಲ್ಲ, ಆಯಮ್ಮನೇ ಗದೆ ಹಿಡಿದರು. 1992ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು, 2012ರಲ್ಲಿ ಪದ್ಮಶ್ರೀ. ಅಕಾಡೆಮಿಯವರು ನಟನೆಗೆ ಪ್ರಶಸ್ತಿ ಕೊಡುವಾಗ ಗಂಡಿಗೆ ಒಂದು, ಹೆಣ್ಣಿಗೆ ಒಂದು ಅಂತ ವಿಭಾಗ ಮಾಡಿಲ್ಲ. ಗುಬ್ಬಿ ವೀರಣ್ಣ ಪ್ರಶಸ್ತಿಯೂ ಅಷ್ಟೇ, ರಂಗಭೂಮಿಗೆ ದುಡಿದವರಿಗೆ. ಅಷ್ಟು ದೊಡ್ಡವರಿಗೆ ಬೇಡವಾದ ಗೆರೆ ಕಾಲೇಜು ಮಕ್ಕಳಿಗೆ ಯಾಕೆ?

ಕೋರಸ್_ಹುಡುಗಿ
ಸರ್, ನಾಗರತ್ನಮ್ಮನವರ ಉದಾಹರಣೆ ನನ್ನ ಕಡೆಗೇ ಬರುತ್ತೆ. ಗಂಡಸರ ಜೊತೆ ಇದ್ದು ಭೀಮನ ಪಾತ್ರ ಕೇಳಿದ್ದರೆ ಕೊಡುತ್ತಿದ್ದರಾ? ಬರೀ ಹೆಂಗಸರ ಮಂಡಳಿ ಕಟ್ಟಿದ್ದಕ್ಕೆ ಗದೆ ಕೈಗೆ ಬಂತು. ಬೇರೆ ಜಾಗ ಇದ್ದದ್ದರಿಂದಲೇ ಅಲ್ವಾ?

ಹಳೇ_ಕಂಪನಿ
ಮಗಳೇ, ಒಳ್ಳೇ ಪೆಟ್ಟು ಕೊಟ್ಟೆ. ಆದರೆ ಬೇರೆ ಜಾಗ ಮಾಡಿಕೊಂಡಿದ್ದು ಪಾತ್ರಕ್ಕೆ. ಪ್ರಶಸ್ತಿ ಬಂದದ್ದು ಎಲ್ಲರ ಸಾಲಿನಲ್ಲಿ ನಿಂತಾಗ.

ನೇಪಥ್ಯ
ಒಂದು ತಿದ್ದುಪಡಿ. ಅಕಾಡೆಮಿ ಪ್ರಶಸ್ತಿ, ಗುಬ್ಬಿ ವೀರಣ್ಣ ಪ್ರಶಸ್ತಿ ಇವೆಲ್ಲ ವರ್ಷಾನುಗಟ್ಟಲೆ ದುಡಿದ ಮೇಲೆ ಬರುವ ಗೌರವ. ಇವತ್ತು ಸಂಜೆ ಯಾರು ಚೆನ್ನಾಗಿ ಮಾಡಿದರು ಅಂತ ಅಳೆಯುವ ಬಹುಮಾನ ಬೇರೆ. ದೆಹಲಿಯ ಮಹೀಂದ್ರ ಎಕ್ಸಲೆನ್ಸ್ ಇನ್ ಥಿಯೇಟರ್ ಅವಾರ್ಡ್ಸ್, ಮೆಟಾ ಅಂತಾರಲ್ಲ, 2006ರಲ್ಲಿ ಶುರುವಾದದ್ದು, ಅದು ನಿಮ್ಮ ಬಹುಮಾನದ ಥರದ್ದು. ಅಲ್ಲಿ ಮುಖ್ಯ ಪಾತ್ರಕ್ಕೂ ಪೋಷಕ ಪಾತ್ರಕ್ಕೂ ಗಂಡು, ಹೆಣ್ಣು ಅಂತ ವಿಭಾಗ ಮಾಡಿಕೊಂಡೇ ಬಂದಿದ್ದಾರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಸೊಳ್ಳೆ_ಬತ್ತಿ
ವಿಷಯಾಂತರಕ್ಕೆ ಕ್ಷಮೆ ಇರಲಿ. ಸ್ಪರ್ಧೆ ಯಾವಾಗ, ಎಲ್ಲಿ? ರಂಗಾಯಣದ ಬಯಲು ರಂಗ ವನರಂಗದಲ್ಲಿ ಇಟ್ಟುಕೊಂಡರೆ ಪ್ರೇಕ್ಷಕರಿಗೂ ಒಂದೊಂದು ಓಡೋಮಸ್ ಕೊಡಿ. ಬಹುರೂಪಿ ನಾಟಕೋತ್ಸವದ ಸಮಯದಲ್ಲಿ ನಾಟಕಕ್ಕಿಂತ ಕಾಲು ಕೆರೆದುಕೊಂಡಿದ್ದೇ ಜಾಸ್ತಿ ನೆನಪಿದೆ.

ಎರಡನೇ_ಬೆಲ್
ವನರಂಗದ ಬಗ್ಗೆ ಒಂದು ಮಾತು ಆಡಬೇಡಿ. ಆ ಮರಗಳ ಕೆಳಗೆ ಕೂತು ನಾಟಕ ನೋಡೋ ಸುಖ ಬೇರೆ ಎಲ್ಲೂ ಇಲ್ಲ. ತುಂಬು ತೋಳಿನ ಅಂಗಿ ಹಾಕಿಕೊಂಡು ಬನ್ನಿ.

ಮಾರ್ಕ್ಸ್_ಶೀಟ್
ನಾನು ಬೇರೆ ಬೇರೆ ಕಡೆ ತೀರ್ಪುಗಾರನಾಗಿ ಕೂತವನು. ಮೇಜಿನ ಆ ಕಡೆಯ ಕಥೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಬೆಳಗ್ಗೆಯಿಂದ ನಾಟಕ ನೋಡುತ್ತಾ ಕೂತಿರುತ್ತೇವೆ. ಒಂದು ಮುಗಿಯುತ್ತಿದ್ದ ಹಾಗೆ ಇನ್ನೊಂದು. ನಡುವೆ ಸೆಟ್ ಬದಲಾಯಿಸುವ ಸದ್ದು, ಚಹಾ, ಮತ್ತೆ ಬೆಲ್. ಮಧ್ಯಾಹ್ನದ ಊಟ ಆದ ಮೇಲಿನ ನಾಟಕಕ್ಕೆ ದೇವರೇ ಗತಿ. ಆ ಹೊತ್ತಲ್ಲಿ ನಮ್ಮನ್ನು ಎಬ್ಬಿಸೋದು ಯಾರು? ಕೂಗುವವನು. ನೆಲಕ್ಕೆ ಬಿದ್ದು ಹೊರಳುವವನು. ಕುಡುಕ, ಹುಚ್ಚ, ಸಿಟ್ಟಿನ ಜಮೀನ್ದಾರ. ಶೀಟಿನಲ್ಲಿ ಅಂಗಾಭಿನಯ, ಮಾತು, ಭಾವ, ಪಾತ್ರದ ತಿಳುವಳಿಕೆ ಅಂತ ಕಾಲಂ ಇರುತ್ತೆ. ನಿಜ ಹೇಳಬೇಕೆಂದರೆ ಕೂಗಿದವನಿಗೆ ನಾಲ್ಕೂ ಕಾಲಂನಲ್ಲಿ ಮಾರ್ಕ್ಸ್ ಬೀಳುತ್ತೆ. ಮೂಲೆಯಲ್ಲಿ ಅಕ್ಕಿ ಆರಿಸುತ್ತಾ ಕೂತು, ಗಂಡನ ಸುಳ್ಳು ಕೇಳಿದ ಕ್ಷಣದಲ್ಲಿ ಬೆರಳು ನಿಲ್ಲಿಸಿ, ಮತ್ತೆ ಆರಿಸೋಕೆ ಶುರು ಮಾಡಿದ ಹುಡುಗಿಯನ್ನು ಕಂಡವರು ಯಾರು? ಪಕ್ಕದಲ್ಲಿದ್ದ ತೀರ್ಪುಗಾರರು ಆಗ ಫೋನ್ ನೋಡುತ್ತಿದ್ದರು.

ಹಾಗಾಗಿ ಕೋರಸ್ ಹುಡುಗಿ ಹೇಳಿದ್ದರಲ್ಲಿ ಹುರುಳಿದೆ. ವಿಭಾಗ ಸೇರಿಸಿದರೆ ಜೋರು ಪಾತ್ರಗಳೇ ಗೆಲ್ಲುತ್ತವೆ. ನಮ್ಮ ನಾಟಕಗಳಲ್ಲಿ ಜೋರು ಪಾತ್ರ ಬಹುತೇಕ ಗಂಡಿನದು. ಆದರೆ ಇದಕ್ಕೆ ಮದ್ದು ನಟಿ ವಿಭಾಗ ಅಲ್ಲ. ನಟಿ ವಿಭಾಗದಲ್ಲೂ ಗೆಲ್ಲೋದು ಎದೆ ಬಡಿದುಕೊಂಡು ಅತ್ತವಳೇ! ಅಕ್ಕಿ ಆರಿಸಿದವಳು ಅಲ್ಲೂ ಸೋಲುತ್ತಾಳೆ. ತೀರ್ಪುಗಾರರನ್ನು ಸರಿಯಾಗಿ ಆರಿಸಿ. ಅವರಲ್ಲಿ ನಟನೆ ಕಲಿಸಿದವರು ಒಬ್ಬರಾದರೂ ಇರಲಿ. ಹೆಂಗಸರೂ ಇರಲಿ. ಸಾಮಾನ್ಯವಾಗಿ ಒಬ್ಬ ರಂಗಕರ್ಮಿ, ಒಬ್ಬ ಪ್ರೊಫೆಸರ್, ಒಬ್ಬ ದೇಣಿಗೆ ಕೊಟ್ಟವರು, ಎಲ್ಲ ಗಂಡಸರು.

ಸೈಡ್‌ವಿಂಗ್
ಮಾರ್ಕ್ಸ್ ಶೀಟ್ ಸರ್, ಈ ಮಾತು ಬರೆದಿಟ್ಟುಕೊಂಡೆ. ಆದರೆ ಒಂದು ತೊಡಕು ಹೇಳೋಕೆ ಬಿಟ್ಟಿದ್ದೆ. ನಟಿ ಬಹುಮಾನ ದತ್ತಿ ಬಹುಮಾನ. ಒಂದು ಮನೆಯವರು ತಮ್ಮ ಅಜ್ಜಿಯ ಹೆಸರಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದಾರೆ, ಬಡ್ಡಿಯಲ್ಲಿ ಬಹುಮಾನ. ಪತ್ರದಲ್ಲಿ ‘ಅತ್ಯುತ್ತಮ ನಟಿಗೆ’ ಅಂತ ಸ್ಪಷ್ಟವಾಗಿ ಬರೆದಿದೆ. ವಿಭಾಗ ತೆಗೆದರೆ ಆ ದುಡ್ಡು ಯಾರಿಗೆ ಕೊಡೋದು?

ಪಾಂಡವಪುರದವ
ನೋಡಿದ್ರಾ. ಅಜ್ಜಿಯೇ ಹೇಳಿ ಹೋಗಿದ್ದಾರೆ.

ನೇಪಥ್ಯ
ಅಜ್ಜಿ ಹೇಳಿಲ್ಲ, ಮೊಮ್ಮಕ್ಕಳು ಬರೆದಿದ್ದಾರೆ. ಹೋಗಿ ಕೇಳಿ. ಬದಲಾವಣೆ ಬೇಡ ಅಂದರೆ ಆ ಬಹುಮಾನ ಹಾಗೇ ಇರಲಿ, ಅದಕ್ಕೆ ಟ್ರಾನ್ಸ್ ಹೆಣ್ಣುಮಕ್ಕಳೂ ಸೇರುತ್ತಾರೆ ಅಂತ ನಿಯಮದಲ್ಲಿ ಒಂದು ಸಾಲು ಬರೆದರಾಯಿತು. ನಿಮ್ಮ ತಂಡದ ದುಡ್ಡಿನಲ್ಲಿ ಕೊಡೋದನ್ನು ಮಾತ್ರ ಎಲ್ಲರಿಗೂ ತೆರೆಯಿರಿ.

ಎರಡನೇ_ಬೆಲ್
ಹಾಗಾದರೆ ಹೆಣ್ಣುಮಕ್ಕಳಿಗೆ ಎರಡು ಅವಕಾಶ, ಗಂಡುಮಕ್ಕಳಿಗೆ ಒಂದು. ಇದು ನ್ಯಾಯವೇ?

ಕೋರಸ್_ಹುಡುಗಿ
ಗಂಡುಮಕ್ಕಳಿಗೆ ಹುಚ್ಚನ ಪಾತ್ರ ಇದೆಯಲ್ಲ 🙂

ನಾನೇ_ಪಾತ್ರ
ಇಲ್ಲಿವರೆಗೆ ಓದುತ್ತಾ ಬಂದೆ. ನಾನೊಬ್ಬ ಟ್ರಾನ್ಸ್ ಮಹಿಳೆ. ಸೈಡ್‌ವಿಂಗ್ ಅವರು ಹೇಳಿದ ವಿದ್ಯಾರ್ಥಿನಿ ನಾನಲ್ಲ, ನನ್ನ ಕಾಲೇಜು ಮುಗಿದು ಸುಮಾರು ಕಾಲವಾಯಿತು. ಆದರೆ ಆ ಕಾಲಂ ಮುಂದೆ ಪೆನ್ ಹಿಡಿದು ಕೂತದ್ದು ಚೆನ್ನಾಗಿ ನೆನಪಿದೆ.

ಮೊದಲನೆಯದು. ‘ಮೂರನೇ ವಿಭಾಗ ಮಾಡೋಣ, ಅವರಿಗೂ ಒಂದು ಬಹುಮಾನ ಕೊಡೋಣ’ ಅಂತ ಯಾರಾದರೂ ಹೇಳೋಕೆ ಮುಂಚೆ ನಾನೇ ಹೇಳುತ್ತೇನೆ, ದಯವಿಟ್ಟು ಬೇಡ. ಒಬ್ಬಳೇ ಇರುವ ವಿಭಾಗದಲ್ಲಿ ಗೆದ್ದು ಏನು ಮಾಡಲಿ? ಸೋಲುವ ಹಕ್ಕೂ ನನಗೆ ಬೇಕು.

ಎರಡನೆಯದು. ನನ್ನ ಹಾಗೇ ಟ್ರಾನ್ಸ್ ಮಹಿಳೆಯಾದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಜೋಗತಿ ನೃತ್ಯಕ್ಕೆ, ಅವರ ಕಲೆಗೆ. ಅವರನ್ನು ಯಾವ ಕಾಲಂನಲ್ಲಿ ಹಾಕೋಣ ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ರಾಜ್ಯ ಮಟ್ಟದಲ್ಲಿ ಆಗುತ್ತೆ, ಒಂದು ಕಾಲೇಜು ಸ್ಪರ್ಧೆಯಲ್ಲಿ ಆಗಲ್ವಾ?

ಮೂರನೆಯದು ಇಲ್ಲಿ ಯಾರೂ ಕೇಳದ ಪ್ರಶ್ನೆ. ಗ್ರೀನ್ ರೂಮ್. ನಾನು ಪಾತ್ರದ ಸೀರೆಯನ್ನು ಮನೆಯಲ್ಲೇ ಉಟ್ಟು, ಮೇಲೆ ದೊಡ್ಡ ಜರ್ಕಿನ್ ಹಾಕಿಕೊಂಡು, ಸಿಟಿ ಬಸ್ಸಿನಲ್ಲಿ ನಿಂತುಕೊಂಡು ಸ್ಪರ್ಧೆಗೆ ಹೋಗುತ್ತಿದ್ದೆ. ಹುಡುಗರ ರೂಮಿಗೆ ಹೋದರೆ ಸೀಟಿ, ಹುಡುಗಿಯರ ರೂಮಿಗೆ ಹೋದರೆ ಗುಸುಗುಸು. ನಾಟಕ ಶುರುವಾಗೋವರೆಗೆ ಹಾಲಿನ ಹಿಂದೆ ಜನರೇಟರ್ ಪಕ್ಕ ನಿಂತಿರುತ್ತಿದ್ದೆ. ಬಹುಮಾನ ಬಂದರೆ ಖುಷಿ, ಬರದಿದ್ದರೂ ನಡೆಯುತ್ತೆ. ಆ ಮಗುವಿಗೆ ಬಟ್ಟೆ ಬದಲಾಯಿಸೋಕೆ ಬಾಗಿಲಿರುವ ಒಂದು ಚಿಕ್ಕ ಕೋಣೆ ಮಾಡಿಕೊಡಿ. ಒಳಗಿನಿಂದ ಚಿಲಕ ಇರಲಿ.

ಕೋರಸ್_ಹುಡುಗಿ
ಅಕ್ಕಾ, ಆ ಗುಸುಗುಸು ನಾನೂ ಕೇಳಿದ್ದೇನೆ. ಕೋಣೆಯ ಮಾತು ಇಷ್ಟು ಹೊತ್ತಾದರೂ ನಮಗ್ಯಾರಿಗೂ ಹೊಳೆಯಲಿಲ್ಲ ನೋಡಿ. ನಟಿ ವಿಭಾಗ ಬೇಕು ಅನ್ನೋದರಲ್ಲಿ ನಾನಿನ್ನೂ ಅಲ್ಲೇ ಇದ್ದೇನೆ, ಆದರೆ ನೀವು ಆ ವಿಭಾಗಕ್ಕೆ ಬಂದರೆ ನನಗೇನೂ ತಕರಾರಿಲ್ಲ.

ನಾನೇ_ಪಾತ್ರ
ಬಂದರೆ ನೀವು ಸೋಲುತ್ತೀರಿ, ಯೋಚನೆ ಮಾಡಿ 😄

ಹಳೇ_ಕಂಪನಿ
ಈ ಹುಡುಗಿಯರ ನಾಟಕಕ್ಕೆ ನಾನು ಟಿಕೆಟ್ ತಗೊಂಡು ಬರುತ್ತೇನೆ.

ಖೋಖೋ_ಕ್ಯಾಪ್ಟನ್
ಇಷ್ಟೆಲ್ಲ ರಗಳೆ ಯಾಕೆ? ವೈಯಕ್ತಿಕ ಬಹುಮಾನವೇ ಬೇಡ. ತಂಡಕ್ಕೆ ಮಾತ್ರ ಕೊಡಿ.

ಮಾರ್ಕ್ಸ್_ಶೀಟ್
ಕೇಳೋಕೆ ಚೆಂದ. ಆದರೆ ಸಂಜೆ ಬಹುಮಾನ ವಿತರಣೆಗೆ ಅಪ್ಪ ಅಮ್ಮ ಬಂದಿರುತ್ತಾರೆ. ‘ಡ್ರಾಮಾ ಅಂತ ಅಲೆದು ಮಾರ್ಕ್ಸ್ ಕಮ್ಮಿ ತಗೊಂಡ್ಲು’ ಅಂತ ಮನೆಯಲ್ಲಿ ಬೈಸಿಕೊಳ್ಳುವ ಹುಡುಗಿಗೆ, ತನ್ನ ಹೆಸರಿರುವ ಒಂದು ಸರ್ಟಿಫಿಕೇಟ್ ಇದ್ದರೆ ಮುಂದಿನ ವರ್ಷವೂ ತಾಲೀಮಿಗೆ ಬಿಡುತ್ತಾರೆ. ತಂಡದ ಶೀಲ್ಡ್ ಪ್ರಿನ್ಸಿಪಾಲರ ರೂಮಿನ ಗಾಜಿನ ಬೀರು ಸೇರುತ್ತೆ.

ಗಂಗೋತ್ರಿ_ಕ್ಯಾಂಟೀನ್
ಅಲ್ಲಿಂದ ಮತ್ತೆ ಹೊರಗೆ ಬರಲ್ಲ.

ಸೈಡ್‌ವಿಂಗ್
ನಿನ್ನೆ ಸಂಜೆ ನಮ್ಮ ತಂಡದ ಸಭೆ ಆಯಿತು. ಗಲಾಟೆ ಇಲ್ಲಿಗಿಂತ ಜೋರಾಗಿತ್ತು. ಒಬ್ಬರು ಎದ್ದು ಹೋದರು, ಚಹಾ ಬಂದಾಗ ವಾಪಸ್ ಬಂದರು.

ಕೊನೆಗೆ ಹೀಗೆ ಮಾಡಿದ್ದೇವೆ. ನಮ್ಮ ತಂಡದ ದುಡ್ಡಿನಿಂದ ‘ಅತ್ಯುತ್ತಮ ಅಭಿನಯ’ ಅಂತ ಎರಡು ಸಮಾನ ಬಹುಮಾನ. ಗಂಡು ಹೆಣ್ಣು ಅಂತ ಇಲ್ಲ. ಗೌಡನ ಪಾತ್ರ ಯಾರು ಮಾಡಿದರೂ ಇಲ್ಲಿಗೇ. ದತ್ತಿ ಇಟ್ಟ ಮನೆಯವರ ಹತ್ತಿರ ಮಾತಾಡಿದೆ. ಅವರ ಅಜ್ಜಿಗೆ ನಾಟಕ ಅಂದರೆ ಪ್ರಾಣವಂತೆ, ಆದರೆ ಸ್ಟೇಜ್ ಹತ್ತೋಕೆ ಮನೆಯಲ್ಲಿ ಬಿಡಲಿಲ್ಲವಂತೆ. ಹಾಗಾಗಿ ಅದು ಹೆಣ್ಣುಮಕ್ಕಳಿಗೇ ಹೋಗಲಿ ಅಂದರು. ಟ್ರಾನ್ಸ್ ಹೆಣ್ಣುಮಕ್ಕಳೂ ಸೇರುತ್ತಾರೆ ಅಂತ ವಿವರಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಗಲಿ, ಬರೆದುಕೊಳ್ಳಿ’ ಅಂದರು. ಒಬ್ಬರಿಗೇ ಎರಡು ನಗದು ಬಹುಮಾನ ಇಲ್ಲ ಅಂತ ನಿಯಮ ಸೇರಿಸಿದ್ದೇವೆ. ಅರ್ಜಿಯಲ್ಲಿ ಗಂಡು/ಹೆಣ್ಣು ಕಾಲಂ ತೆಗೆದು ‘ಪಾತ್ರದ ಹೆಸರು’ ಅಂತ ಹಾಕಿದ್ದೇವೆ. ದತ್ತಿ ಬಹುಮಾನಕ್ಕೆ ಸೇರಬೇಕಾದವರು ಕೆಳಗೆ ಒಂದು ಟಿಕ್ ಹಾಕಿದರೆ ಸಾಕು.

ತೀರ್ಪುಗಾರರಲ್ಲಿ ಈ ಸಲ ಇಬ್ಬರು ಹೆಂಗಸರು. ಫೋನ್ ಹೊರಗಿಟ್ಟು ಕೂರಬೇಕು ಅಂತ ಹೇಳೋಕೆ ಮಾತ್ರ ಯಾರಿಗೂ ಧೈರ್ಯ ಇಲ್ಲ. ಮಾರ್ಕ್ಸ್ ಶೀಟ್ ಸರ್, ಆ ಕೆಲಸ ನಿಮಗೆ.

ಚಿಲಕ ಇರುವ ಕೋಣೆಯೂ ಸಿಕ್ಕಿದೆ. ಸದ್ಯಕ್ಕೆ ಅದರಲ್ಲಿ ಮುರಿದ ಕುರ್ಚಿಗಳಿವೆ, ಖಾಲಿ ಮಾಡಿಸುತ್ತೇವೆ.

ಎರಡನೇ_ಬೆಲ್
ಎರಡೂ ಬಹುಮಾನ ಹುಡುಗರಿಗೇ ಬಂದರೆ?

ಕೋರಸ್_ಹುಡುಗಿ
ಬಂದೇ ಬರುತ್ತೆ, ನೋಡ್ತಾ ಇರಿ. ಆಗ ಎರಡು ವಿಭಾಗ ವಾಪಸ್ ತರೋಕೆ ನಾನೇ ಅರ್ಜಿ ಕೊಡುತ್ತೇನೆ.

ನೇಪಥ್ಯ
ಎರಡು ಮೂರು ವರ್ಷ ನಡೆಸಿ ನೋಡಿ. ಯಾರು ಗೆದ್ದರು, ಯಾವ ಪಾತ್ರಕ್ಕೆ ಗೆದ್ದರು ಅಂತ ಬರೆದಿಡಿ. ಆಮೇಲೆ ಜಗಳ ಆಡೋಕೆ ಕೈಯಲ್ಲಿ ಲೆಕ್ಕ ಇರುತ್ತೆ.

ಸೈಡ್‌ವಿಂಗ್
ಲೆಕ್ಕ ಇಡೋಕೆ ಒಂದು ನೋಟ್‌ಬುಕ್ ಆಗಲೇ ತಂದಿದ್ದೇವೆ. ಅಂದ ಹಾಗೆ, ಕಳೆದ ವರ್ಷದ ಗೌಡ ಈ ಸಲವೂ ಬರುತ್ತಿದ್ದಾಳೆ. ಯಾವ ಪಾತ್ರ ಅಂತ ಕೇಳಿದರೆ ಹೇಳಲಿಲ್ಲ. ‘ಸರ್, ಒಳ್ಳೇ ಗಮ್ ಎಲ್ಲಿ ಸಿಗುತ್ತೆ?’ ಅಂತ ಮಾತ್ರ ಕೇಳಿದಳು. ಯಾರಿಗಾದರೂ ಗೊತ್ತಿದ್ದರೆ ಇಲ್ಲೇ ತಿಳಿಸಿ.

ಪಾಂಡವಪುರದವ
ನಮ್ಮ ಮೇಕಪ್‌ನವರ ನಂಬರ್ ಮೆಸೇಜ್ ಮಾಡಿದ್ದೀನಿ. ಅವರು ಅಂಟಿಸಿದ ಮೀಸೆ ಬೆಳಗಿನ ಜಾವದವರೆಗೂ ಅಲ್ಲಾಡಲ್ಲ. ಕೀಳುವಾಗ ಮಾತ್ರ ಕೊಬ್ಬರಿ ಎಣ್ಣೆ ಹಚ್ಚಿ ಅಂತ ಹೇಳಿ, ಇಲ್ಲಾಂದ್ರೆ ಚರ್ಮವೂ ಬರುತ್ತೆ.